ಇಂದಿನ ಧಮ್ಮ ಚಿಂತನೆ: ಎಲ್ಲಿ ಇಳಿಯುತ್ತೀರಿ?



ಮುಂಬೈಯಲ್ಲಿ ದುಡಿಯುವ ನಮ್ಮ ಬಳಗದವರು ಮತ್ತೆ ಮತ್ತೆ ಹೇಳುವ ಮಾತೊಂದಿದೆ: ಸತಿ ಅಭ್ಯಾಸಕ್ಕೆ ಹೊತ್ತೇ ಇಲ್ಲ, ದಿನಕ್ಕೆ ಮೂರು ತಾಸು ಲೋಕಲ್ ಟ್ರೇನಿನಲ್ಲೇ ಕಳೆದುಹೋಗುತ್ತದೆ. ಆ ಮೂರು ತಾಸನ್ನೇ ಇಂದು ಪಾಠವಾಗಿ ತೆಗೆದುಕೊಳ್ಳೋಣ. ನಡೆಯುವಾಗ, ನಿಂತಾಗ, ಕೂತಾಗ, ಮಲಗಿದಾಗ ಎಚ್ಚರವಿರಲಿ ಎಂದು ಸತಿಪಟ್ಠಾನ ಸುತ್ತದಲ್ಲಿ ಭಗವಾನರು ಹೇಳಿದ್ದಾರೆ. ವಿರಾರ್ ಲೋಕಲ್ಲಿನಲ್ಲಿ ಈ ನಾಲ್ಕರಲ್ಲಿ ನಿಲ್ಲುವುದೊಂದೇ ಖಾತ್ರಿ. (ಬಾಗಿಲಲ್ಲಿ ನಿಂತವರು ಮಾತ್ರ ದಯವಿಟ್ಟು ಕಣ್ಣು ಮುಚ್ಚಿ ಧ್ಯಾನ ಮಾಡಬೇಡಿ.)

ಮೂವರಿಗೆಂದು ಮಾಡಿದ ಬೆಂಚಿನ ಅಂಚಿನಲ್ಲಿ ಅಲ್ಲಿ ನಾಲ್ಕನೆಯವರೊಬ್ಬರು ಕೂರುತ್ತಾರೆ. 'ಚೌಥಿ ಸೀಟ್' ಎನ್ನುತ್ತಾರೆ. ಅದು ನಿಯಮವಲ್ಲ, ರೂಢಿ. "ಸ್ವಲ್ಪ ಸರೀರಿ" ಎಂದರೆ ಮೂವರೂ ಸರಿಯುತ್ತಾರೆ. ನಿಂತವರು ಕೂತವರನ್ನು ಕೇಳುವುದು ಒಂದೇ ಪ್ರಶ್ನೆ: ಎಲ್ಲಿ ಇಳಿಯುತ್ತೀರಿ? ಕುರ್ಲಾ ಎಂದರೆ ಕುರ್ಲಾದಿಂದ ಆ ಸೀಟು ಇವರದು.

ನಮ್ಮ ಊರುಗಳಲ್ಲಿ ಹೊಸಬರಿಗೆ ಕೇಳುವ ಪ್ರಶ್ನೆ ಬೇರೆ. ಯಾವೂರು, ಯಾರ ಪೈಕಿ, ಅಡ್ಡಹೆಸರು ಏನು ಎಂದು ಎಷ್ಟು ಸುತ್ತಿ ಬಳಸಿದರೂ ಅದು ಬಂದು ನಿಲ್ಲುವ ಜಾಗ ಒಂದೇ. 1901ರ ಸುಮಾರಿಗೆ ಬಾಲಕ ಭೀಮರಾವ್ ತನ್ನ ಅಣ್ಣ ಮತ್ತು ಅಕ್ಕನ ಮಕ್ಕಳೊಂದಿಗೆ ತಂದೆಯನ್ನು ನೋಡಲು ರೈಲಿನಲ್ಲಿ ಹೊರಟು ಮಸೂರ್ ನಿಲ್ದಾಣದಲ್ಲಿ ಇಳಿದ ಕಥೆ ನಮಗೆಲ್ಲ ಗೊತ್ತು. ಹೊಸ ಬಟ್ಟೆ ತೊಟ್ಟ ಮಕ್ಕಳನ್ನು ಸ್ಟೇಷನ್ ಮಾಸ್ತರ ಮೊದಲು ಅಕ್ಕರೆಯಿಂದಲೇ ವಿಚಾರಿಸಿದ. ನೀವು ಯಾರು ಎಂದು ಕೇಳಿ, ಮಹಾರರು ಎಂಬ ಉತ್ತರ ಬಂದ ಕೂಡಲೇ ದೂರ ಸರಿದ. ಎತ್ತಿನ ಗಾಡಿಯವರು ಹತ್ತಿಸಿಕೊಳ್ಳಲಿಲ್ಲ. ಕೊನೆಗೆ ಎರಡು ಪಟ್ಟು ಬಾಡಿಗೆ ಕೊಟ್ಟು ಮಕ್ಕಳೇ ಗಾಡಿ ಹೊಡೆದರು, ಗಾಡಿಯವನು ಪಕ್ಕದಲ್ಲಿ ನಡೆದು ಬಂದ.

ಸಂಘದಲ್ಲಿ ಕೇಳುತ್ತಿದ್ದ ಪ್ರಶ್ನೆ ಮೂರನೆಯದು: ದೀಕ್ಷೆ ಯಾವಾಗ ಆಯಿತು? ಕ್ಷೌರಿಕ ಉಪಾಲಿಗೆ ಶಾಕ್ಯ ಕುಮಾರರಿಗಿಂತ ಮೊದಲು ದೀಕ್ಷೆಯಾಯಿತು, ಆದ್ದರಿಂದ ರಾಜಕುಮಾರರು ಅವನಿಗೆ ತಲೆಬಾಗಿದರು.

ಹಾಗಾದರೆ ರೈಲು ಜಾತಿಯನ್ನು ಅಳಿಸಿತೇ? ಬೋರಿ ಬಂದರಿನಿಂದ ಠಾಣೆಗೆ 34 ಕಿಲೋಮೀಟರಿನ ಮೊದಲ ರೈಲು ಓಡಿದ್ದು 1853ರ ಏಪ್ರಿಲ್ 16ರಂದು. ರೈಲ್ವೆಯಿಂದ ಬೆಳೆಯುವ ಕೈಗಾರಿಕೆಯು ಜಾತಿಗೆ ಆಧಾರವಾದ ಕುಲಕಸುಬುಗಳ ವಿಭಜನೆಯನ್ನು ಕರಗಿಸುತ್ತದೆ ಎಂದು ಅದೇ ವರ್ಷ ಲಂಡನ್ನಿನಲ್ಲಿದ್ದ ಕಾರ್ಲ್ ಮಾರ್ಕ್ಸ್ ಬರೆದರು. ಆ ಮೊದಲ ರೈಲು ಓಡಿಸಿದ ಕಂಪನಿ ಜಿ.ಐ.ಪಿ. ರೈಲ್ವೆ. 85 ವರ್ಷಗಳ ನಂತರ, 1938ರ ಫೆಬ್ರವರಿಯಲ್ಲಿ, ಅದೇ ಜಿ.ಐ.ಪಿ.ಯ ದಲಿತ ಕಾರ್ಮಿಕರು ಮನಮಾಡಿನಲ್ಲಿ ಸಮ್ಮೇಳನ ಸೇರಿದಾಗ ಬಾಬಾಸಾಹೇಬರು ಲೆಕ್ಕ ಬಿಚ್ಚಿಟ್ಟರು. ನಮ್ಮವರು ಹಳಿಯ ಮೇಲಿನ ಗ್ಯಾಂಗ್‌ಮನ್ ಆಗಿ ಸೇರಿ ಗ್ಯಾಂಗ್‌ಮನ್ ಆಗಿಯೇ ಉಳಿಯುತ್ತಿದ್ದರು. ಪೋರ್ಟರ್ ಕೆಲಸವೂ ಸಿಗುತ್ತಿರಲಿಲ್ಲ. ಏಕೆಂದರೆ ಸ್ಟೇಷನ್ ಮಾಸ್ತರರು ಪೋರ್ಟರನ್ನು ಮನೆಗೆಲಸಕ್ಕೂ ಕರೆಯುತ್ತಿದ್ದರು, ಮನೆಯೊಳಗೆ ನಮ್ಮವರು ಬರಕೂಡದು. ಡಬ್ಬಿಯೊಳಗೆ ಮೈಗೆ ಮೈ ತಾಗಿದರೂ ಡಬ್ಬಿಯ ಕೆಳಗಿನ ಕೆಲಸ ಜಾತಿ ನೋಡಿಯೇ ಹಂಚಿಕೆಯಾಗಿತ್ತು.

ಆದ್ದರಿಂದ ಲೋಕಲ್ಲಿನ ನೂಕುನುಗ್ಗಲನ್ನು ಮೈತ್ರಿ ಎಂದು ಹೊಗಳುವವರನ್ನು ಕಂಡರೆ ನನಗೆ ಅನುಮಾನ. ಜಾಗವಿಲ್ಲದೆ ತಾಗುತ್ತೇವೆ, ಅಷ್ಟೇ. ಅದೇ ಡಬ್ಬಿಯಿಂದ ಇಳಿದು ಬಾಡಿಗೆ ಮನೆ ಹುಡುಕಲು ಹೋದಾಗ ಹಳೆಯ ಪ್ರಶ್ನೆ ಬಾಗಿಲಲ್ಲೇ ಕಾದಿರುತ್ತದೆ. ಚೌಥಿ ಸೀಟಿಗೆ ಸರಿದು ಕೊಡುವುದು ಮಾತ್ರ ಬೇರೆ. ಅಲ್ಲಿ ಸರಿಯದೆ ಕೂರುವ ಅವಕಾಶವಿದ್ದೂ ಒಬ್ಬರು ಸರಿಯುತ್ತಾರೆ. ನಮ್ಮ ಅಭ್ಯಾಸ ಆ ಒಂದು ಗೇಣಿನಿಂದ ಶುರುವಾಗಲಿ.

ಇನ್ನೊಂದು ಅಭ್ಯಾಸ ನೋಡುವುದು. ಮಕ್ಕಳಿಗೆ ರೈಲು ತೋರಿಸಲು ಪಾದಚಾರಿ ಸೇತುವೆ ಮೇಲೆ ನಿಂತಾಗ ಇದು ಫಾಸ್ಟ್, ಅದು ಸ್ಲೋ, 12 ಡಬ್ಬಿಯದು, 15 ಡಬ್ಬಿಯದು ಎಂದು ಹೇಳಿಕೊಡುತ್ತೇವೆ. ರೈಲು ದಾಟಿಹೋಗಲೆಂದು ಹಳಿಯ ಪಕ್ಕಕ್ಕೆ ಸರಿದು ನಿಂತಿರುವ ಕಿತ್ತಳೆ ಜಾಕೀಟಿನವರನ್ನೂ ತೋರಿಸಿ. ಅವರು ಜಲ್ಲಿ ಸರಿಮಾಡುವುದನ್ನು, ಹಳಿ ತಪಾಸಣೆ ಮಾಡುವುದನ್ನು ಮಕ್ಕಳು ನೋಡಲಿ. ಕೊನೆಯ ಲೋಕಲ್ ಹೋದ ಮೇಲೆ, ನಸುಕಿನ ಮೊದಲನೆಯದು ಬರುವ ತನಕ ಲೈನ್ ಅವರ ಕೈಯಲ್ಲಿರುತ್ತದೆ. ಭಾನುವಾರ ಮೆಗಾ ಬ್ಲಾಕ್ ಎಂದು ನಾವು ಗೊಣಗುವಾಗ ಬಿಸಿಲಲ್ಲಿ ನಿಂತಿರುವವರೂ ಅವರೇ. ಮನಮಾಡಿನ ಸಭೆಯಲ್ಲಿ ಕೂತಿದ್ದ ನಮ್ಮ ಹಿರಿಯರು ಮಾಡುತ್ತಿದ್ದದ್ದೂ ಇದೇ ಕೆಲಸ ಎಂದು ಮಕ್ಕಳಿಗೆ ಹೇಳಿ.

ಡಿಸೆಂಬರ್ 6ಕ್ಕೆ ಕಲಬುರಗಿ, ಬೀದರ್ ಕಡೆಯಿಂದ ಮೊದಲ ಸಲ ಹೊರಟವರಿಗೆ ಒಂದು ಮಾತು. ಸೆಂಟ್ರಲ್, ವೆಸ್ಟರ್ನ್ ಎರಡೂ ಲೈನ್ ಕೂಡುವುದು ದಾದರಿನಲ್ಲಿ. ಚೈತ್ಯಭೂಮಿಗೆ ಪಶ್ಚಿಮದ ಕಡೆ ಹೊರಬನ್ನಿ. ಬಾಬಾಸಾಹೇಬರ ಮನೆ ರಾಜಗೃಹ ಇರುವುದು ಪೂರ್ವಕ್ಕೆ, ಹಿಂದೂ ಕಾಲೊನಿಯಲ್ಲಿ. ವಯಸ್ಸಾದವರ ಕೈ ಬಿಡಬೇಡಿ, ಸೇತುವೆಯ ಮೆಟ್ಟಿಲಲ್ಲಿ ನಿಲ್ಲಬೇಡಿ.

ಭವತು ಸಬ್ಬ ಮಂಗಲಂ.