ಕೆಂಪು ಕುಕ್ಕೀಸ್ ಕಂದಾದದ್ದೇಕೆ?

ಪ್ರಶ್ನೆ ಕೇಳಿದ ಕೊಂಡಜ್ಜಿ ಊರಿನ ಸಹೋದರಿಗೆ,

ಕ್ರಿಸ್‌ಮಸ್‌ಗೆ ನೀವು ಮಾಡಿದ ರೆಡ್ ವೆಲ್ವೆಟ್ ಕುಕ್ಕೀಸ್ ಕಂದಾಗಲು ಅಡುಗೆ ಸೋಡಾವೇ ಮುಖ್ಯ ಕಾರಣ. ನೀವು ಬಳಸಿದ ಬೀಟ್‌ರೂಟಿನ ಕೆಂಪು ಸೋಡಾದ ಕ್ಷಾರದಲ್ಲಿ ಉಳಿಯುವುದಿಲ್ಲ, ಬಿಸಿಗೂ ಮಂಕಾಗುತ್ತದೆ. ಸೋಡಾ ಬದಲು ಒಂದು ಕಪ್ ಮೈದಾಕ್ಕೆ ಅರ್ಧ ಚಮಚ ಬೇಕಿಂಗ್ ಪೌಡರ್ ಹಾಕಿ. ಬತ್ತಿಸಿದ ಬೀಟ್‌ರೂಟ್ ರಸಕ್ಕೆ ಒಂದು ಚಮಚ ನಿಂಬೆರಸ ಬೆರೆಸಿ. ಆಗಲೂ ಸಿಗುವುದು ಇಟ್ಟಿಗೆಗೆಂಪು. ಬೇಕರಿಯ ಕಡುಗೆಂಪೇ ಬೇಕೆಂದರೆ ಜೆಲ್ ಬಣ್ಣ ಬಳಸಬೇಕು. ಮನೆಮಕ್ಕಳಿಗಾದರೆ ನನ್ನ ಮತ ಬೀಟ್‌ರೂಟಿಗೇ.

ಇನ್ನು ಕುಕ್ಕೀಸ್ ಬೇಯುವಾಗ ಹರಡಿಕೊಂಡದ್ದು ಬೆಣ್ಣೆಯಿಂದ. ಬೆಣ್ಣೆ ದೋಸೆಯ ಊರಿನ ಪಕ್ಕದಲ್ಲಿದ್ದು ಮಾರ್ಗರಿನ್ ಮುಟ್ಟಬೇಡಿ! ಆದರೆ ಮನೆಯಲ್ಲಿ ಕಡೆದ ಬೆಣ್ಣೆಯಲ್ಲಿ ಮಜ್ಜಿಗೆ ಉಳಿದಿರುತ್ತದೆ. ತಣ್ಣೀರಿನಲ್ಲಿ ತೊಳೆದು, ಬಟ್ಟೆಯಲ್ಲಿ ಒತ್ತಿ ನೀರಿನಂಶ ತೆಗೆಯಿರಿ. ಕಲಸಿದ ಹಿಟ್ಟು ಅರ್ಧ ಗಂಟೆ ಫ್ರಿಜ್‌ನಲ್ಲಿರಲಿ. 170 ಡಿಗ್ರಿಯಲ್ಲಿ 10-12 ನಿಮಿಷ ಬೇಯಿಸಿ, ನಡು ಮೆತ್ತಗಿರುವಾಗಲೇ ಹೊರತೆಗೆಯಿರಿ, ಆರುತ್ತಾ ಗಟ್ಟಿಯಾಗುತ್ತವೆ.