ಕೈಕೆಲಸಕ್ಕೆ ಡಿಜಿಟಲ್ ಒರೆಗಲ್ಲು: ಅಪ್ರೆಂಟಿಸ್‌ಗಳ ಮೌಲ್ಯಮಾಪನಕ್ಕೆ ಏಳು ಹೆಜ್ಜೆ

ಕಾರ್ಖಾನೆಯಲ್ಲಿ ದುಡಿಯುತ್ತಲೇ ವೃತ್ತಿ ಕಲಿಯುವವರ ತರಬೇತಿಯನ್ನು ನಿಯಂತ್ರಿಸುವ 1961ರ ಅಪ್ರೆಂಟಿಸ್ ಕಾಯ್ದೆಯ 19ನೆಯ ಕಲಂ, ಪ್ರತಿಯೊಬ್ಬ ಅಪ್ರೆಂಟಿಸ್‌ನ ಪ್ರಗತಿಯ ದಾಖಲೆಯನ್ನು ಉದ್ಯೋಗದಾತನೇ ಇಡಬೇಕೆಂದು ವಿಧಿಸುತ್ತದೆ. ಈ ದಾಖಲೆಯನ್ನು ತಿಂಗಳ ಕೊನೆಯಲ್ಲಿ ನೆನಪಿನಿಂದ ಒಂದೇ ಸಲಕ್ಕೆ ತುಂಬಿದರೆ ಅದರಲ್ಲಿ ಹಾಜರಿಯ ಲೆಕ್ಕ ಉಳಿಯುತ್ತದೆಯೇ ಹೊರತು ಕಲಿಕೆಯ ಲೆಕ್ಕ ಉಳಿಯುವುದಿಲ್ಲ. ಅದೇ ದಾಖಲೆಯನ್ನು ಪುಸ್ತಕದಿಂದ ಮೊಬೈಲ್ ಪರದೆಗೆ ವರ್ಗಾಯಿಸಿದ ಮಾತ್ರಕ್ಕೆ ಆ ಕೊರತೆ ನೀಗುವುದೂ ಇಲ್ಲ. ಕಲಿಯುವವನ ಕೈಕೆಲಸ ಹೇಗಿದೆಯೆಂಬ ತೀರ್ಪನ್ನು ನುರಿತ ಕೆಲಸಗಾರನೇ ಕೊಡಬೇಕು. ಆ ತೀರ್ಪಿಗೆ ಬೇಕಾದ ಪುರಾವೆಯನ್ನು ಕೆಲಸ ನಡೆದಾಗಲೇ ಹಿಡಿದಿಟ್ಟು, ಮತ್ತೊಬ್ಬರು ಪರಿಶೀಲಿಸುವಂತೆ ಕಾಪಾಡುವುದು ಡಿಜಿಟಲ್ ಸಾಧನದ ಕೆಲಸ. ಬೆಂಗಳೂರಿನ ಪೀಣ್ಯದಂಥ ಕೈಗಾರಿಕಾ ಪ್ರದೇಶದ ಸಣ್ಣ ಮೆಷಿನ್ ಷಾಪ್ ಒಂದರಲ್ಲಿ ಲೇತ್ ಕೆಲಸ ಕಲಿಯುವ ಟರ್ನರ್ ಅಪ್ರೆಂಟಿಸ್‌ನನ್ನು ಉದಾಹರಣೆಯಾಗಿಟ್ಟುಕೊಂಡು ಇಂಥ ಮೌಲ್ಯಮಾಪನದ ಕ್ರಮವನ್ನು ಇಲ್ಲಿ ವಿವರಿಸಲಾಗಿದೆ.

ಹೆಜ್ಜೆ 1: ಅಳೆಯಬೇಕಾದುದನ್ನು ಬರೆದಿಡುವುದು

ರಾಷ್ಟ್ರೀಯ ಕೌಶಲ ಅರ್ಹತಾ ಚೌಕಟ್ಟು 2013ರ ಡಿಸೆಂಬರ್‌ನಲ್ಲಿ ಅಧಿಸೂಚಿತವಾದ ಬಳಿಕ ದೇಶದ ವೃತ್ತಿ ತರಬೇತಿಯು ‘ಎಷ್ಟು ತಿಂಗಳು ಕಲಿತ’ ಎಂಬುದಕ್ಕಿಂತ ‘ಏನನ್ನು ಮಾಡಬಲ್ಲ’ ಎಂಬುದರ ಕಡೆಗೆ ತಿರುಗಿದೆ. ಒಂದು ಹುದ್ದೆಯ ಕೆಲಸವನ್ನು ಯಾವ ಮಟ್ಟದಲ್ಲಿ ಮಾಡಬೇಕೆಂದು ತಿಳಿಸುವ ರಾಷ್ಟ್ರೀಯ ವೃತ್ತಿ ಮಾನದಂಡಗಳು ಇದಕ್ಕೆ ಆಧಾರವಾಗಿದ್ದು, ಆಯಾ ಘಟಕವು ಅವುಗಳನ್ನು ತನ್ನ ಯಂತ್ರಗಳಿಗೂ ಕೆಲಸಗಳಿಗೂ ಹೊಂದುವಂತೆ ಒಡೆದು ಬರೆದುಕೊಳ್ಳಬೇಕಾಗುತ್ತದೆ. ‘ಲೇತ್ ಕೆಲಸ ಚೆನ್ನಾಗಿ ಬರುತ್ತದೆ’ ಎಂಬ ವಾಕ್ಯವನ್ನು ಅಳೆಯಲಾಗುವುದಿಲ್ಲ, ‘25 ಮಿ.ಮೀ. ವ್ಯಾಸದ ಶಾಫ್ಟನ್ನು ಎಚ್9 ಮಿತಿಯೊಳಗೆ, ಅಂದರೆ 24.948ರಿಂದ 25.000 ಮಿ.ಮೀ. ನಡುವೆ, ಸುರಕ್ಷತಾ ನಿಯಮ ಮೀರದೆ ತಿರುವಿ ಕೊಡುತ್ತಾನೆ’ ಎಂಬ ವಾಕ್ಯವನ್ನು ಅಳೆಯಬಹುದು. ಅಳತೆಯ ಉಪಕರಣವನ್ನೂ ಇಲ್ಲಿಯೇ ನಮೂದಿಸಬೇಕು, ಕೇವಲ 0.052 ಮಿ.ಮೀ. ಅಗಲದ ಈ ಮಿತಿಗೆ 0.02 ಮಿ.ಮೀ. ಸೂಕ್ಷ್ಮತೆಯ ವರ್ನಿಯರ್ ಸಾಲದು, 0.01 ಮಿ.ಮೀ. ಸೂಕ್ಷ್ಮತೆಯ ಮೈಕ್ರೋಮೀಟರ್ ಬೇಕು.

ಹೆಜ್ಜೆ 2: ಪುರಾವೆಗೆ ತಕ್ಕ ಸಾಧನವನ್ನು ಆರಿಸುವುದು

ವೈದ್ಯಕೀಯ ಶಿಕ್ಷಣದ ಸಂದರ್ಭದಲ್ಲಿ ಜಾರ್ಜ್ ಮಿಲ್ಲರ್ 1990ರಲ್ಲಿ ಮಂಡಿಸಿದ ನಾಲ್ಕು ಮೆಟ್ಟಿಲ ಪಿರಮಿಡ್ಡು ಕಾರ್ಖಾನೆಗೂ ಹೊಂದುತ್ತದೆ: ತಿಳಿದಿರುವುದು, ಹೇಗೆಂದು ತಿಳಿದಿರುವುದು, ಮಾಡಿ ತೋರಿಸುವುದು ಮತ್ತು ದಿನನಿತ್ಯದ ಕೆಲಸದಲ್ಲಿ ಮಾಡುವುದು. ಮೊದಲ ಎರಡು ಮೆಟ್ಟಿಲುಗಳಿಗೆ ಗೂಗಲ್ ಫಾರ್ಮ್ಸ್‌ನ ರಸಪ್ರಶ್ನೆಯಾಗಲಿ, 2002ರಲ್ಲಿ ಮೊದಲು ಹೊರಬಂದ ಮುಕ್ತ ತಂತ್ರಾಂಶವಾದ ಮೂಡಲ್‌ನ ಪರೀಕ್ಷಾ ವಿಭಾಗವಾಗಲಿ ಸಾಕಾಗುತ್ತದೆ; ಪ್ರಶ್ನೆಗಳನ್ನು ಕನ್ನಡದಲ್ಲೇ ಬರೆಯಬಹುದು, ಮೈಕ್ರೋಮೀಟರ್‌ನ ಚಿತ್ರ ತೋರಿಸಿ ಅಳತೆ ಓದುವಂತೆ ಕೇಳಬಹುದು. ಮೂರನೆಯ ಮೆಟ್ಟಿಲಿಗೆ ಮೇಲ್ವಿಚಾರಕನು ಎದುರಿನಲ್ಲೇ ನಿಂತು ತುಂಬುವ ಪರಿಶೀಲನಾ ಪಟ್ಟಿಯೂ ಸಣ್ಣ ವಿಡಿಯೊ ತುಣುಕೂ ಬೇಕಾಗುತ್ತವೆ. ನಾಲ್ಕನೆಯ ಮೆಟ್ಟಿಲಿಗೆ ಒಂದು ದಿನದ ಪರೀಕ್ಷೆ ಪ್ರಯೋಜನಕ್ಕೆ ಬಾರದು. ಹಲವು ವಾರಗಳಲ್ಲಿ ಮಾಡಿದ ಬಿಡಿಭಾಗಗಳ ಚಿತ್ರ, ಅಳತೆ ಮತ್ತು ಟಿಪ್ಪಣಿಗಳನ್ನು ದಿನಾಂಕದೊಂದಿಗೆ ಒಟ್ಟುಗೂಡಿಸುವ ಇ-ಪೋರ್ಟ್‌ಫೋಲಿಯೊ, ಅಂದರೆ ಡಿಜಿಟಲ್ ಕೆಲಸದ ಕಡತ, ಅಗತ್ಯ. ಬಹುಆಯ್ಕೆಯ ಪ್ರಶ್ನೆಗಳನ್ನು ರೂಪಿಸುವುದು ಸುಲಭವೆಂಬ ಕಾರಣಕ್ಕೆ ಎಲ್ಲವನ್ನೂ ಅವುಗಳಿಂದಲೇ ಅಳೆಯಲು ಹೊರಟರೆ ಲೇತ್ ಮುಟ್ಟದವನೂ ಒಳ್ಳೆಯ ಟರ್ನರ್ ಎನಿಸಿಕೊಳ್ಳುವ ಅಪಾಯವಿದೆ.

ನೆಟ್‌ವರ್ಕ್ ಹಿಡಿಯದ ಷೆಡ್ಡುಗಳಲ್ಲಿ ಓಡಿಕೆ (ODK) ಅಥವಾ ಕೋಬೋಟೂಲ್‌ಬಾಕ್ಸ್‌ನಂಥ ಸಾಧನಗಳು ಹೆಚ್ಚು ಉಪಯುಕ್ತ. ಅವುಗಳಲ್ಲಿ ತುಂಬಿದ ಮಾಹಿತಿ ಫೋನಿನಲ್ಲೇ ಉಳಿದು, ಸಂಪರ್ಕ ಸಿಕ್ಕಾಗ ಸರ್ವರ್‌ಗೆ ರವಾನೆಯಾಗುತ್ತದೆ. ಒಂದೇ ನಮೂನೆಯನ್ನು ಕನ್ನಡ, ಹಿಂದಿ ಮೊದಲಾದ ಹಲವು ಭಾಷೆಗಳಲ್ಲಿ ತೋರಿಸುವ ಸೌಲಭ್ಯವೂ ಅವುಗಳಲ್ಲಿರುವುದರಿಂದ ಬೇರೆ ರಾಜ್ಯಗಳಿಂದ ಬಂದ ಅಪ್ರೆಂಟಿಸ್‌ಗಳಿರುವ ಘಟಕಗಳಿಗೆ ಅನುಕೂಲವಾಗುತ್ತದೆ.

ಹೆಜ್ಜೆ 3: ರೂಬ್ರಿಕ್ ರೂಪಿಸುವುದು

ಕೆಲಸದ ಪ್ರತಿಯೊಂದು ಅಂಶಕ್ಕೂ ಗುಣಮಟ್ಟದ ಹಂತಗಳನ್ನು ಮಾತಿನಲ್ಲಿ ವಿವರಿಸುವ ಕೋಷ್ಟಕಕ್ಕೆ ರೂಬ್ರಿಕ್ ಎನ್ನಲಾಗುತ್ತದೆ. ‘ಉತ್ತಮ, ಸಾಧಾರಣ, ಕಳಪೆ’ ಎಂಬ ಬರಿಯ ಪದಗಳು ಒಬ್ಬೊಬ್ಬರಿಗೆ ಒಂದೊಂದು ಅರ್ಥ ಕೊಡುವುದರಿಂದ ಕಣ್ಣಿಗೆ ಕಾಣುವ ವರ್ತನೆಯನ್ನೇ ಬರೆಯಬೇಕು. ಜಾಬ್ (ತಿರುವಬೇಕಾದ ಲೋಹದ ತುಂಡು) ಹಿಡಿಸುವ ಅಂಶಕ್ಕೆ ‘ಪ್ರತಿ ಸಲವೂ ಹೇಳಿಕೊಡಬೇಕು’, ‘ತಾನೇ ಹಿಡಿಸುತ್ತಾನೆ, ಆದರೆ ಓಟ (ತಿರುಗುವಾಗ ಅಕ್ಷ ತಪ್ಪುವಿಕೆ) ಪರೀಕ್ಷಿಸಲು ನೆನಪಿಸಬೇಕು’, ‘ತಾನೇ ಹಿಡಿಸಿ ಡಯಲ್ ಗೇಜಿನಿಂದ ಓಟ ಪರೀಕ್ಷಿಸಿ ಸರಿಪಡಿಸುತ್ತಾನೆ’ ಎಂಬ ಮೂರು ಹಂತಗಳು ಸಾಕು. ಸುರಕ್ಷತೆಯ ಅಂಶಗಳನ್ನು ಮಾತ್ರ ಉಳಿದ ಅಂಕಗಳೊಂದಿಗೆ ಬೆರೆಸಬಾರದು. ಚಕ್ ಕೀಯನ್ನು ಚಕ್‌ನಲ್ಲೇ ಬಿಟ್ಟು ಯಂತ್ರ ಚಾಲೂ ಮಾಡಿದವನ ಶಾಫ್ಟಿನ ಅಳತೆ ಎಷ್ಟೇ ನಿಖರವಾಗಿದ್ದರೂ ಆ ಪ್ರಯತ್ನವನ್ನು ಅನುತ್ತೀರ್ಣವೆಂದೇ ದಾಖಲಿಸುವಂತೆ ನಮೂನೆಯನ್ನು ಹೊಂದಿಸಬೇಕು.

ಹೆಜ್ಜೆ 4: ಷಾಪ್ ಫ್ಲೋರ್‌ನಲ್ಲಿ ಪುರಾವೆ ಸಂಗ್ರಹಿಸುವುದು

ಜಪಾನಿನ ಡೆನ್ಸೊ ವೇವ್ ಕಂಪನಿ 1994ರಲ್ಲಿ ವಾಹನದ ಬಿಡಿಭಾಗಗಳ ಜಾಡು ಹಿಡಿಯಲೆಂದು ರೂಪಿಸಿದ ಕ್ಯೂಆರ್ ಕೋಡ್ ಇಲ್ಲಿ ನೆರವಿಗೆ ಬರುತ್ತದೆ. ಪ್ರತಿ ಯಂತ್ರಕ್ಕೂ ಒಂದೊಂದು ಕೋಡ್ ಅಂಟಿಸಿ, ಅದನ್ನು ಸ್ಕ್ಯಾನ್ ಮಾಡಿದೊಡನೆ ಆ ಯಂತ್ರದ ಸಂಖ್ಯೆ ಮೊದಲೇ ತುಂಬಿದ ನಮೂನೆ ತೆರೆಯುವಂತೆ ಮಾಡಿದರೆ ಎಣ್ಣೆ ಹತ್ತಿದ ಕೈಯಲ್ಲಿ ಟೈಪ್ ಮಾಡುವ ಕಷ್ಟ ಕಡಿಮೆಯಾಗುತ್ತದೆ.

ಯಂತ್ರದ ಸಂಖ್ಯೆಯನ್ನು ದಾಖಲಿಸುವುದಕ್ಕೆ ನ್ಯಾಯದ ಕಾರಣವೊಂದೂ ಇದೆ. ಶಾಫ್ಟಿನ ವ್ಯಾಸವನ್ನು ಎರಡು ತುದಿಗಳಲ್ಲಿಯೂ ನಡುವೆಯೂ ಅಳೆದು ಮೂರು ಅಂಕಿಗಳನ್ನು ಬೇರೆಬೇರೆಯಾಗಿ ನಮೂದಿಸಿದಾಗ, ಒಂದು ತುದಿಯಿಂದ ಇನ್ನೊಂದಕ್ಕೆ ವ್ಯಾಸ ಒಂದೇ ಸಮನೆ ಏರುತ್ತಾ ಹೋಗಿದ್ದರೆ ಟೇಲ್‌ಸ್ಟಾಕ್ ಸೆಂಟರ್ ಸಾಲು ತಪ್ಪಿರುವ ಸಾಧ್ಯತೆಯುಂಟು. ಅದೇ ಲೇತ್‌ನಲ್ಲಿ ಕೆಲಸ ಮಾಡಿದ ಎಲ್ಲರ ಅಳತೆಗಳೂ ಹಾಗೆಯೇ ಬಂದಿದ್ದರೆ ದೋಷ ಯಂತ್ರದ್ದೇ ಹೊರತು ಕಲಿಯುವವನ ಕೈಯದಲ್ಲ. ಬರಿಯ ‘ಪಾಸ್, ಫೇಲ್’ ಎಂದು ಬರೆದಿಟ್ಟ ದಾಖಲೆಯಲ್ಲಿ ಈ ವ್ಯತ್ಯಾಸ ಎಂದಿಗೂ ಕಾಣಿಸದು.

ತಿರುಗುವ ಯಂತ್ರದ ಬಳಿ ಫೋನ್ ತರುವುದೇ ಅಪಾಯವಾದುದರಿಂದ ಕೆಲಸ ಮಾಡುವವನು ತಾನೇ ಚಿತ್ರೀಕರಿಸಕೂಡದು. ಸುರಕ್ಷಿತ ದೂರದಲ್ಲಿ ಸ್ಟ್ಯಾಂಡಿನ ಮೇಲೆ ಫೋನ್ ನಿಲ್ಲಿಸಿ, ಜಾಬ್ ಹಿಡಿಸುವುದು, ಮೊದಲ ಕಟ್ ಮತ್ತು ಅಳತೆ ತೆಗೆಯುವುದು ಎಂಬ ಮೂರು ಘಟ್ಟಗಳನ್ನಷ್ಟೇ ಎರಡು ಮೂರು ನಿಮಿಷಗಳ ತುಣುಕುಗಳಾಗಿ ಹಿಡಿದರೆ ಸಾಕು. ಗ್ರಾಹಕರ ಡ್ರಾಯಿಂಗ್‌ಗಳು ಚಿತ್ರದೊಳಗೆ ಬಾರದಂತೆಯೂ ನೋಡಿಕೊಳ್ಳಬೇಕು. ಚಿತ್ರದಲ್ಲಿರುವ ಭಾಗವನ್ನು ಕಲಿಯುವವನೇ ಮಾಡಿದ್ದಾನೆಂಬ ಖಾತ್ರಿಗೆ ‘ಈ ವೇಗವನ್ನೇ ಏಕೆ ಆರಿಸಿದೆ, ಫೀಡ್ ಹೆಚ್ಚಿಸಿದ್ದರೆ ಮೇಲ್ಮೈ ಏನಾಗುತ್ತಿತ್ತು’ ಎಂದು ಕೇಳಿ, ಅವನ ಉತ್ತರವನ್ನು ಧ್ವನಿಮುದ್ರಿಕೆಯಾಗಿ ಅದೇ ಕಡತಕ್ಕೆ ಸೇರಿಸುವುದು ಸರಳ ಉಪಾಯ. ಬರವಣಿಗೆ ತೊಡಕೆನಿಸುವವರಿಗೂ ಇದರಿಂದ ನ್ಯಾಯ ಸಿಗುತ್ತದೆ.

ಹೆಜ್ಜೆ 5: ಇಬ್ಬರ ತೀರ್ಪುಗಳನ್ನು ಹೋಲಿಸುವುದು

ಒಂದೇ ವಿಡಿಯೊವನ್ನು ಇಬ್ಬರು ಮೇಲ್ವಿಚಾರಕರು ಪರಸ್ಪರ ಮಾತನಾಡದೆ ಅಳೆದಾಗ ತೀರ್ಪುಗಳು ಎಷ್ಟರಮಟ್ಟಿಗೆ ಹೊಂದುತ್ತವೆ ಎಂಬುದು ರೂಬ್ರಿಕ್‌ನ ಗಟ್ಟಿತನವನ್ನು ತೋರಿಸುತ್ತದೆ. 20 ವಿಡಿಯೊಗಳಲ್ಲಿ 16ಕ್ಕೆ ಇಬ್ಬರೂ ಒಂದೇ ತೀರ್ಪು ಕೊಟ್ಟರೆಂದು ಭಾವಿಸಿದರೆ ಹೊಂದಾಣಿಕೆ ಶೇ. 80. ಆದರೆ ಇಬ್ಬರೂ ತಲಾ 14 ವಿಡಿಯೊಗಳನ್ನು ಉತ್ತೀರ್ಣಗೊಳಿಸಿದ್ದರೆ ಬರಿಯ ಆಕಸ್ಮಿಕದಿಂದಲೇ ಶೇ. 58ರಷ್ಟು ಹೊಂದಾಣಿಕೆ ಬರಬಹುದಾಗಿತ್ತು. ಜೇಕಬ್ ಕೊಹೆನ್ 1960ರಲ್ಲಿ ಸೂಚಿಸಿದ ‘ಕಪ್ಪಾ’ ಸೂಚ್ಯಂಕವು ಆ ಆಕಸ್ಮಿಕವನ್ನು ಕಳೆದು ಲೆಕ್ಕ ಹಾಕುತ್ತದೆ: 80ರಿಂದ 58 ಕಳೆದರೆ 22, 100ರಿಂದ 58 ಕಳೆದರೆ 42, ಮೊದಲನೆಯದನ್ನು ಎರಡನೆಯದರಿಂದ ಭಾಗಿಸಿದರೆ ಸುಮಾರು 0.52. ಪೂರ್ಣ ಹೊಂದಾಣಿಕೆಗೆ 1 ಬರುವುದರಿಂದ, ಶೇ. 80 ಎಂದಾಗ ತೋರಿದಷ್ಟು ಸಮಾಧಾನಕರ ಸ್ಥಿತಿ ಇದಲ್ಲ. ಭಿನ್ನತೀರ್ಪಿನ ನಾಲ್ಕು ವಿಡಿಯೊಗಳನ್ನು ಇಬ್ಬರೂ ಒಟ್ಟಿಗೆ ಕುಳಿತು ನೋಡಿ, ರೂಬ್ರಿಕ್‌ನ ಯಾವ ಮಾತು ಎರಡು ಅರ್ಥಕ್ಕೆ ಎಡೆಕೊಟ್ಟಿತೆಂದು ಗುರುತಿಸಿ ತಿದ್ದುವುದೇ ಈ ಲೆಕ್ಕದ ಉದ್ದೇಶ.

ರಸಪ್ರಶ್ನೆಗಳ ವಿಷಯದಲ್ಲಿ ಇಂಥ ಅಂಕಿಅಂಶ ನಾಲ್ಕೈದು ಅಪ್ರೆಂಟಿಸ್‌ಗಳಿರುವ ಘಟಕಕ್ಕೆ ಉಪಯೋಗಕ್ಕೆ ಬಾರದು. ಅದರ ಬದಲು ಘಟಕದ ಇಬ್ಬರು ನುರಿತ ಟರ್ನರ್‌ಗಳಿಂದ ಮೊದಲು ಉತ್ತರ ಬರೆಸಬೇಕು; ಅವರಿಬ್ಬರೂ ತಪ್ಪಿದ ಪ್ರಶ್ನೆಯಲ್ಲೇ ದೋಷವಿರುವುದು ಹೆಚ್ಚು ಸಂಭವನೀಯ.

ಹೆಜ್ಜೆ 6: ಫಲಿತಾಂಶವನ್ನು ಕಲಿಯುವವನಿಗೆ ಹಿಂದಿರುಗಿಸುವುದು

ಕಲಿಕೆಯನ್ನು ತಿದ್ದಲು ನಡುನಡುವೆ ನಡೆಸುವ ಮೌಲ್ಯಮಾಪನ ಮತ್ತು ಕೊನೆಯಲ್ಲಿ ಅರ್ಹತೆ ನಿರ್ಧರಿಸುವ ಮೌಲ್ಯಮಾಪನ, ಈ ಎರಡರ ನಡುವಿನ ಭೇದವನ್ನು ಮೈಕೆಲ್ ಸ್ಕ್ರಿವೆನ್ 1967ರಲ್ಲಿ ಗುರುತಿಸಿದ ಬಳಿಕ ಅದು ಶಿಕ್ಷಣಶಾಸ್ತ್ರದಲ್ಲಿ ನೆಲೆಯೂರಿದೆ. ಡಿಜಿಟಲ್ ಕಡತದಲ್ಲಿ ಎರಡನ್ನೂ ಪ್ರತ್ಯೇಕವಾಗಿ ಇಡಬೇಕು. ಅಭ್ಯಾಸದ ದಿನಗಳ ತಪ್ಪುಗಳೂ ಅಂತಿಮ ಅಂಕದಲ್ಲಿ ಲೆಕ್ಕಕ್ಕೆ ಬರುತ್ತವೆಂದು ತಿಳಿದವನು ತಪ್ಪನ್ನು ಮುಚ್ಚಿಡತೊಡಗುತ್ತಾನೆ, ಆಗ ಕಡತ ಸುಳ್ಳಾಗುತ್ತದೆ. ಅಭ್ಯಾಸದ ಪ್ರತಿ ಪ್ರಯತ್ನಕ್ಕೂ ಅಂದೇ ಅಥವಾ ಮರುದಿನವೇ ಒಂದು ನಿರ್ದಿಷ್ಟ ಸೂಚನೆ ತಲುಪಬೇಕು: ‘ಇನ್ನಷ್ಟು ಸುಧಾರಿಸು’ ಎಂಬುದಕ್ಕಿಂತ ‘ಫಿನಿಷಿಂಗ್ ಕಟ್‌ಗೆ ಮೊದಲು ಜಾಬ್ ತಣಿಯಲು ಬಿಟ್ಟು ಅಳೆ’ ಎಂಬುದು ಉಪಯುಕ್ತ, ಏಕೆಂದರೆ ಬಿಸಿಯಿಂದ ಹಿಗ್ಗಿದ ಉಕ್ಕು ತಣಿದಾಗ ಕುಗ್ಗಿ ಮಿತಿಯಿಂದ ಕೆಳಗಿಳಿಯಬಹುದು.

ಹೆಜ್ಜೆ 7: ದತ್ತಾಂಶವನ್ನು ಕಾಪಾಡುವುದು

ಅಪ್ರೆಂಟಿಸ್ ಕಾಯ್ದೆಯಡಿ 14 ವರ್ಷ ತುಂಬಿದವರೂ, ಅಪಾಯಕಾರಿ ಉದ್ಯಮಗಳಲ್ಲಾದರೆ 18 ತುಂಬಿದವರೂ ತರಬೇತಿಗೆ ಸೇರಬಹುದು. ಆದರೆ 2023ರ ಡಿಜಿಟಲ್ ವೈಯಕ್ತಿಕ ದತ್ತಾಂಶ ಸಂರಕ್ಷಣಾ ಕಾಯ್ದೆ 18 ತುಂಬದವರನ್ನು ಮಕ್ಕಳೆಂದೇ ಪರಿಗಣಿಸಿ, ಅವರ ದತ್ತಾಂಶದ ಬಳಕೆಗೆ ಪೋಷಕರ ಪರಿಶೀಲಿಸಬಹುದಾದ ಒಪ್ಪಿಗೆಯನ್ನು ಬಯಸುತ್ತದೆ. ಆದುದರಿಂದ ವಿಡಿಯೊ ಏಕೆ ತೆಗೆಯಲಾಗುತ್ತದೆ, ಯಾರು ನೋಡುತ್ತಾರೆ, ಯಾವಾಗ ಅಳಿಸಲಾಗುತ್ತದೆ ಎಂಬುದನ್ನು ಕನ್ನಡದಲ್ಲಿ ಬರೆದು ಕೊಟ್ಟು ಮೊದಲೇ ಒಪ್ಪಿಗೆ ಪಡೆಯುವುದು ಕ್ಷೇಮ. ಮುಖಕ್ಕಿಂತ ಕೈಯನ್ನೂ ಜಾಬನ್ನೂ ಚಿತ್ರೀಕರಿಸುವುದು, ಘಟಕದ ಖಾತೆಯಲ್ಲೇ ಕಡತಗಳನ್ನಿಡುವುದು, ಮೇಲ್ವಿಚಾರಕರ ಖಾಸಗಿ ವಾಟ್ಸ್‌ಆ್ಯಪ್ ಗುಂಪುಗಳಲ್ಲಿ ಅವುಗಳನ್ನು ಹಂಚದಿರುವುದು ಎಲ್ಲ ಘಟಕಗಳೂ ಪಾಲಿಸಬಹುದಾದ ನಿಯಮಗಳು.

ಆರಂಭಿಸುವ ಬಗೆ

ಎಲ್ಲ ಕೌಶಲಗಳನ್ನೂ ಒಮ್ಮೆಗೇ ಡಿಜಿಟಲ್ ಮಾಡಲು ಹೊರಟ ಘಟಕವು ನಮೂನೆಗಳ ಭಾರದಲ್ಲೇ ಕುಸಿಯುತ್ತದೆ. ಒಂದು ಕೌಶಲ, ಒಂದು ರೂಬ್ರಿಕ್, ಇಬ್ಬರು ಮೇಲ್ವಿಚಾರಕರು ಮತ್ತು ಮೂರು ತಿಂಗಳ ಅವಧಿಯನ್ನು ಗೊತ್ತುಮಾಡಿಕೊಂಡು, ಆ ಅವಧಿಯಲ್ಲಿ ಹಳೆಯ ದಾಖಲೆ ಪುಸ್ತಕವನ್ನೂ ಜೊತೆಗೇ ಮುಂದುವರಿಸಿದರೆ ಎರಡನ್ನೂ ಹೋಲಿಸಲು ಸಾಧ್ಯವಾಗುತ್ತದೆ. ಅವಧಿ ಮುಗಿದಾಗ ಮೂರು ಪ್ರಶ್ನೆಗಳನ್ನು ಕೇಳಿಕೊಳ್ಳಬೇಕು: ಹೊಸ ಕಡತದಿಂದ ಯಾವುದಾದರೂ ಅಪ್ರೆಂಟಿಸ್‌ನ ತರಬೇತಿಯ ದಾರಿ ಬದಲಾಯಿತೇ, ಯಾವುದಾದರೂ ಯಂತ್ರದ ದೋಷ ಬೆಳಕಿಗೆ ಬಂತೇ, ಇಬ್ಬರು ಮೇಲ್ವಿಚಾರಕರ ತೀರ್ಪುಗಳು ಮೊದಲಿಗಿಂತ ಹತ್ತಿರವಾದವೇ. ಈ ಮೂರರಲ್ಲಿ ಒಂದಕ್ಕೂ ಹೌದೆಂಬ ಉತ್ತರ ಬಾರದಿದ್ದರೆ ಹೊಸ ಆ್ಯಪ್ ಹುಡುಕುವ ಬದಲು ಮೊದಲ ಹೆಜ್ಜೆಗೆ ಮರಳಿ, ಅಳೆಯಬೇಕಾದುದನ್ನು ಇನ್ನಷ್ಟು ನಿಖರವಾಗಿ ಬರೆದುಕೊಳ್ಳುವುದೇ ಸರಿಯಾದ ದಾರಿ.