ನಮ್ಮ ಶರತ್ಕಾಲವನ್ನು ಬರೆಯುವುದು ಹೇಗೆ?



‘ಶರತ್ಕಾಲ’ ಎಂಬ ವಿಷಯ ಕೊಟ್ಟು ಪ್ರಬಂಧ ಬರೆಯಲು ಹೇಳಿದರೆ ನಮ್ಮಲ್ಲಿ ಅನೇಕರು ಬಂಗಾರದ ಬಣ್ಣದ ಎಲೆಗಳು ಉದುರಿದ ದಾರಿಯನ್ನು ವರ್ಣಿಸುತ್ತಾರೆ. ಆ ದಾರಿ ಮೊಬೈಲಿನಲ್ಲಿ ಕಂಡದ್ದು. ಬೈಲಹೊಂಗಲ, ಕಿತ್ತೂರು, ಸವದತ್ತಿ, ರಾಮದುರ್ಗ ಭಾಗದಲ್ಲಿ ಗಿಡಗಳು ಎಲೆ ಉದುರಿಸುವುದು ಹೆಚ್ಚಾಗಿ ಶಿಶಿರದಲ್ಲಿ. ಆಶ್ವಯುಜ, ಕಾರ್ತಿಕ ಮಾಸಗಳ ಶರತ್ಕಾಲವೆಂದರೆ ನಮಗೆ ಕೊಯ್ಲು ಮತ್ತು ಬಿತ್ತನೆ ಒಟ್ಟಿಗೇ ನಡೆಯುವ ಕಾಲ.

ಹೊಲಕ್ಕೆ ಹೋಗಿ ನೋಡಿರಿ. ಒಂದು ಕಡೆ ಸೋಯಾ, ಶೇಂಗಾ ರಾಶಿ. ಇನ್ನೊಂದು ಕಡೆ ಎರಿ ಹೊಲದಲ್ಲಿ ಹಿಂಗಾರಿ ಜೋಳ, ಕಡಲೆ, ಕುಸುಬೆಯ ಬಿತ್ತನೆ. ಬದುವಿನ ಬದಿಗೆ ಗುರೆಳ್ಳಿನ ಹಳದಿ ಹೂ. ಕಿತ್ತೂರಿನ ಕಡೆ ಭತ್ತದ ಗದ್ದೆಗಳಿದ್ದರೆ, ಮಳೆ ಕಡಿಮೆ ಇರುವ ರಾಮದುರ್ಗದ ಕಡೆ ರೈತನ ಕಣ್ಣು ಮುಗಿಲ ಮೇಲೆ. ಹಿರಿಯರು ಈ ದಿನಗಳನ್ನು ಮಳೆಯ ಹೆಸರಿನಿಂದ ಎಣಿಸುತ್ತಾರೆ: ಉತ್ತರಿ, ಹಸ್ತ, ಚಿತ್ತಿ, ಸ್ವಾತಿ. ಒಂದೊಂದು ಮಳೆಗೆ 13-14 ದಿನ. ಶೀಗಿ ಹುಣ್ಣಿಮೆಗೆ ಹೊಲದಲ್ಲಿ ಚರಗ ಚೆಲ್ಲಿ, ನೆರೆಯವರನ್ನೂ ಕರೆದು ಬುತ್ತಿ ಉಣ್ಣುವುದು ಈ ಕಾಲದಲ್ಲಿಯೇ.

ಇಂಗ್ಲಿಷ್ ಕವಿ ಜಾನ್ ಕೀಟ್ಸ್ ಶರತ್ಕಾಲದ ಮೇಲಿನ ತನ್ನ ಪ್ರಸಿದ್ಧ ಕವಿತೆಯನ್ನು 1819ರ ಸೆಪ್ಟೆಂಬರ್ 19ರಂದು, ವಿಂಚೆಸ್ಟರ್ ಊರಿನ ಹೊರಗೆ ಅಡ್ಡಾಡಿ ಬಂದ ಮೇಲೆ ಬರೆದನು. ಅದರಲ್ಲಿ ಇರುವುದು ಅವನ ನಾಡಿನ ಹಣ್ಣು, ಕಣಜ, ಕೊಯ್ದ ಹೊಲ, ಹಕ್ಕಿಗಳು. ನಮ್ಮ ಜಿಲ್ಲೆಯ ಗೋಕಾಕ ತಾಲೂಕಿನ ಬೆಟಗೇರಿಯಲ್ಲಿ 1900ರಲ್ಲಿ ಹುಟ್ಟಿದ ಆನಂದಕಂದರು (ಬೆಟಗೇರಿ ಕೃಷ್ಣಶರ್ಮರು) ಹಳ್ಳಿಯ ಆಡುಮಾತಿನಲ್ಲಿಯೇ ಕವಿತೆ ಕಟ್ಟಿದರು, ಜನಪದ ಹಾಡುಗಳನ್ನು ಸಂಗ್ರಹಿಸಿದರು. ಇಬ್ಬರೂ ತಮ್ಮ ಸುತ್ತಲಿನದನ್ನೇ ಬರೆದರು. ನಾವು ಅವರಿಂದ ಕಲಿಯಬೇಕಾದದ್ದು ಇದನ್ನೇ.

ಎರಡು ವಾಕ್ಯಗಳನ್ನು ಹೋಲಿಸಿ ನೋಡಿರಿ. “ಪ್ರಕೃತಿ ಬಹಳ ಸುಂದರವಾಗಿತ್ತು.” ಇದನ್ನು ಯಾರಾದರೂ, ಎಲ್ಲಿಯಾದರೂ ಬರೆಯಬಹುದು. “ಚಿತ್ತಿ ಮಳೆ ಬಂದು ಹೋಗಿತ್ತು, ಅಜ್ಜ ಕೂರಿಗೆ ಬದಿಗಿಟ್ಟು ಕಾಲಿಗೆ ಮೆತ್ತಿದ ಎರಿಮಣ್ಣು ಕೆರೆಯುತ್ತಿದ್ದ.” ಇದರಲ್ಲಿ ‘ಸುಂದರ’ ಎಂಬ ಮಾತಿಲ್ಲ; ಆದರೂ ಊರು, ಕಾಲ, ಮನುಷ್ಯ ಮೂರೂ ಕಾಣುತ್ತವೆ. ಈಗ ಟ್ರ್ಯಾಕ್ಟರ್ ಬಿತ್ತುವ ಹೊಲಗಳಲ್ಲಿ ಕೂರಿಗೆ ಕಾಣುವುದು ಅಪರೂಪ. ವಸ್ತು ಹೋದ ಮೇಲೆ ಅದರ ಹೆಸರೂ ಬಾಯಿಂದ ಹೋಗುತ್ತದೆ. ಬರೆದಿಟ್ಟರೆ ಹೆಸರಾದರೂ ಉಳಿಯುತ್ತದೆ.

ಹಳೆಯ ನೆನಪುಗಳನ್ನು ಬರೆಯುವಾಗಲೂ ಹೀಗೆಯೇ. “ಆ ದಿನಗಳೇ ಚೆನ್ನಾಗಿದ್ದವು” ಎಂದರೆ ಓದುಗನಿಗೆ ಏನೂ ಸಿಗುವುದಿಲ್ಲ. ಕೇಳಲು ಒಂದು ಒಳ್ಳೆಯ ದಾರಿ ಇದೆ. ಹಿಜರಿ ವರ್ಷ ಸೂರ್ಯಮಾನದ ವರ್ಷಕ್ಕಿಂತ ಸುಮಾರು 11 ದಿನ ಚಿಕ್ಕದು. ಆದ್ದರಿಂದ ರಂಜಾನ್ ತಿಂಗಳು ಸುಮಾರು 33 ವರ್ಷಗಳಲ್ಲಿ ಎಲ್ಲ ಋತುಗಳನ್ನೂ ಸುತ್ತಿ ಬರುತ್ತದೆ. 1972ರಲ್ಲಿಯೂ 2005ರಲ್ಲಿಯೂ ಅದು ಅಕ್ಟೋಬರ್‌ನಲ್ಲಿ ಆರಂಭವಾಗಿತ್ತು. 1972 ಬರಗಾಲದ ವರ್ಷವೂ ಹೌದು. ಮನೆಯಲ್ಲಿ ದಾದಾ, ನಾನಿ ಇದ್ದರೆ, ಇಲ್ಲವೇ ಓಣಿಯ ಅಜ್ಜ-ಅಜ್ಜಿ ಇದ್ದರೆ ಕೇಳಿರಿ: ಬಿತ್ತನೆಯ ದಿನಗಳಲ್ಲಿ ರೋಜಾ ಹೇಗೆ ಹಿಡಿದಿರಿ? ಸಂಜೆ ಹೊಲದಿಂದ ಯಾವಾಗ ಬರುತ್ತಿದ್ದಿರಿ? ಆ ವರ್ಷ ಹಿಂಗಾರಿ ಮಳೆ ಬಂತೇ?

ರಂಜಾನ್ ಮತ್ತೆ ಅಕ್ಟೋಬರ್‌ನಲ್ಲಿ ಆರಂಭವಾಗುವುದು 2036ರ ಸುಮಾರಿಗೆ. 1972ನ್ನು ನೆನೆಯಬಲ್ಲವರು ಆಗ ಎಷ್ಟು ಜನ ಇರುತ್ತಾರೋ! ಅದಕ್ಕಾಗಿ ಈ ರಜೆಯಲ್ಲಿ ಒಬ್ಬ ಹಿರಿಯರ ಹತ್ತಿರ ಕುಳಿತು ಕೇಳಿರಿ. ಅವರು ಆಡಿದ ಐದು ಹಳೆಯ ಪದಗಳನ್ನು ಅರ್ಥಸಹಿತ ಬರೆದುಕೊಂಡು, ಒಂದು ಪುಟದ ಲೇಖನ ಸಿದ್ಧಮಾಡಿರಿ. ಅವರ ಮಾತನ್ನು ತಿದ್ದಬೇಡಿರಿ. ಅವರು ಹೇಳಿದಂತೆಯೇ ಬರೆಯಿರಿ.